ಜರ್ಮನ್ನೋ, ಜಪಾನಿಯೋ? ಲೆಕ್ಕ ಕನ್ನಡದಿಂದ ಶುರುವಾಗಲಿ

(ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಜಪಾನಿ ಕಲಿಸಿ ಹೊಟ್ಟೆ ಹೊರೆಯುವವನು. ಹಾಗಾಗಿ ಇವತ್ತಿನ ಮಾತು ಜಪಾನಿಯ ಕಡೆಗೆ ಸ್ವಲ್ಪ ವಾಲಿದರೆ ಅನುಮಾನದಿಂದಲೇ ಕೇಳಿ. ಇಲ್ಲಿಂದ ಎದ್ದು ನಿಮ್ಮಲ್ಲಿ ಅರ್ಧ ಜನ ಜರ್ಮನ್ ಕ್ಲಾಸಿಗೆ ಹೋಗಿ ಸೇರಿಕೊಂಡರೂ ನನಗೇನೂ ಬೇಜಾರಿಲ್ಲ. ಬೇಜಾರಾಗುವುದು ಬೇರೆ ವಿಷಯಕ್ಕೆ. ಮೂರು ತಿಂಗಳು ಜರ್ಮನ್, ಆಮೇಲೆ ಎರಡು ತಿಂಗಳು ಕೊರಿಯನ್, ಆಮೇಲೆ ಯಾರೋ ಹೇಳಿದರು ಅಂತ ಫ್ರೆಂಚ್. ಹೀಗೆ ಸುತ್ತಿದವರು ಸುಮಾರು ಜನ ಸಿಗುತ್ತಾರೆ. ಅವರಿಗೆ ನಾಲ್ಕು ಭಾಷೆಯಲ್ಲಿ ತಮ್ಮ ಹೆಸರು ಹೇಳಲು ಬರುತ್ತದೆ. ಎರಡನೇ ವಾಕ್ಯ ಒಂದರಲ್ಲೂ ಬರುವುದಿಲ್ಲ.

ನನ್ನ ಹತ್ತಿರ ಬರುವವರು ಕೇಳುವ ಪ್ರಶ್ನೆ ಎರಡೇ. ‘ಸಾರ್, ಯಾವ ಭಾಷೆ ಸುಲಭ?’ ಮತ್ತು ‘ಯಾವುದಕ್ಕೆ ಸ್ಕೋಪ್ ಜಾಸ್ತಿ?’ ಎರಡೂ ತಪ್ಪು ಪ್ರಶ್ನೆಗಳಲ್ಲ. ಆದರೆ ಎರಡಕ್ಕೂ ಅರ್ಧ ವಾಕ್ಯ ಸೇರಿಸಬೇಕು. ಯಾವ ಭಾಷೆ ‘ಕನ್ನಡ ಬಲ್ಲವರಿಗೆ’ ಸುಲಭ? ‘ನಾನು ಹಿಡಿಯಬೇಕು ಅಂದುಕೊಂಡ ಕೆಲಸಕ್ಕೆ’ ಯಾವ ಭಾಷೆ ಬೇಕು, ಎಷ್ಟು ಬೇಕು? ಇವತ್ತು ನಾನು ಹೇಳುವುದೆಲ್ಲ ಈ ಸೇರಿಸಿದ ಅರ್ಧ ವಾಕ್ಯಗಳ ಬಗ್ಗೆ.

ಮೊದಲು ಸುಲಭದ ವಿಷಯ ನೋಡೋಣ. ಯಾವ ಭಾಷೆ ಸುಲಭ ಅಂತ ಮೊಬೈಲಿನಲ್ಲಿ ಹುಡುಕಿದರೆ ಒಂದು ಪಟ್ಟಿ ಸಿಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಗೆ ಸೇರಿದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ತರಬೇತಿ ಸಂಸ್ಥೆಯ ಪಟ್ಟಿ ಅದು. ಅವರು ತಮ್ಮ ರಾಯಭಾರಿ ಕಚೇರಿಗಳ ಅಧಿಕಾರಿಗಳಿಗೆ ಭಾಷೆ ಕಲಿಸುತ್ತಾರೆ. ಯಾವ ಭಾಷೆಗೆ ಎಷ್ಟು ಗಂಟೆ ತರಗತಿ ಬೇಕಾಗುತ್ತದೆ ಅಂತ ಅನುಭವದಿಂದ ಬರೆದಿಟ್ಟಿದ್ದಾರೆ. ಸ್ಪ್ಯಾನಿಷ್, ಫ್ರೆಂಚ್‌ಗೆ ಸುಮಾರು 600ರಿಂದ 750 ಗಂಟೆ. ಜರ್ಮನ್‌ಗೆ 900. ಜಪಾನಿ, ಚೀನಿ, ಕೊರಿಯನ್, ಅರಬ್ಬಿಗೆ 2200. ಇದನ್ನು ನೋಡಿದ ಕೂಡಲೇ ನಮ್ಮ ಹುಡುಗರು ‘ಅಯ್ಯೋ, ಜಪಾನಿ ನಮ್ಮಿಂದ ಆಗಲ್ಲ’ ಅಂತ ತೀರ್ಮಾನಕ್ಕೆ ಬರುತ್ತಾರೆ.

ಅದೇ ಪಟ್ಟಿಯನ್ನು ಇನ್ನೊಂದಿಷ್ಟು ಕೆಳಗೆ ಓದಿ. ಹಿಂದಿಗೆ 1100 ಗಂಟೆ ಅಂತಿದೆ. ತಮಿಳು, ತೆಲುಗಿಗೂ ಅಷ್ಟೇ. ಅಂದರೆ ಆ ಪಟ್ಟಿಯ ಪ್ರಕಾರ ತೆಲುಗು ಜರ್ಮನ್‌ಗಿಂತ ಕಷ್ಟ! ಆಂಧ್ರದ ಗಡಿಯ ಪಾವಗಡದ ಕಡೆಯವರು ಯಾರಾದರೂ ಇದ್ದೀರಾ ಇಲ್ಲಿ? (ನಾಲ್ಕೈದು ಕೈ ಮೇಲೆದ್ದವು.) ನೀವು ತೆಲುಗಿಗೆ ಎಷ್ಟು ಗಂಟೆ ತರಗತಿಗೆ ಹೋಗಿದ್ದಿರಿ? ಸಂತೆಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಸುಮ್ನೆ ಬಂತು, ಅಲ್ವಾ? ಹಿಂದಿಯೂ ಎಷ್ಟೋ ಜನರಿಗೆ ಸಿನಿಮಾ ನೋಡಿ ಅರ್ಥವಾಗತೊಡಗಿದ ಭಾಷೆ.

ಪಟ್ಟಿ ಸುಳ್ಳಲ್ಲ. ಅದು ಇಂಗ್ಲಿಷ್ ತಾಯ್ನುಡಿಯವರಿಗಾಗಿ ಮಾಡಿದ ಪಟ್ಟಿ, ಅಷ್ಟೇ. ಇಂಗ್ಲಿಷಿಗೆ ಹತ್ತಿರ ಇರುವುದು ಅವರಿಗೆ ಸುಲಭ, ದೂರ ಇರುವುದು ಕಷ್ಟ. ನಾವು ಹೊರಡುವ ಜಾಗವೇ ಬೇರೆ. ಹಾಗಾಗಿ ದೂರವೂ ಬೇರೆ.

ಎಷ್ಟು ಬೇರೆ ಅಂತ ತೋರಿಸುತ್ತೇನೆ. ‘ನಾನು ನಾಳೆ ಬೆಂಗಳೂರಿಗೆ ಹೋಗುತ್ತೇನೆ.’ ಇದನ್ನು ಜಪಾನಿಯಲ್ಲಿ ಹೇಳಿದರೆ: ‘ವತಶಿ ವ ಅಶಿತ ಬೆಂಗಳೂರು ನಿ ಇಕಿಮಸು.’ ವತಶಿ ಅಂದರೆ ನಾನು, ಅಶಿತ ಅಂದರೆ ನಾಳೆ, ‘ನಿ’ ಅನ್ನುವುದು ನಮ್ಮ ‘ಗೆ’, ಇಕಿಮಸು ಅಂದರೆ ಹೋಗುತ್ತೇನೆ. ನಡುವೆ ಇರುವ ಆ ‘ವ’ ಒಂದನ್ನು ಬಿಟ್ಟರೆ ಕನ್ನಡ ವಾಕ್ಯದ ಒಂದೊಂದು ಪದವನ್ನೂ ಇದ್ದ ಜಾಗದಲ್ಲೇ ಬದಲಾಯಿಸಿದ ಹಾಗಿದೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಹೋಗುವುದು ಮೊದಲು ಬರುತ್ತದೆ, ಊರು ಆಮೇಲೆ, ನಾಳೆ ಕೊನೆಗೆ. ಇಂಗ್ಲಿಷಿನವರು ಜಪಾನಿ ಕಲಿಯುವಾಗ ವಾಕ್ಯವನ್ನು ಪೂರ್ತಿ ತಿರುಗಿಸಬೇಕು. ನೀವು ತಿರುಗಿಸಬೇಕಾಗಿಲ್ಲ.

ಇದು ಮೊದಲ ಪಾಠದ ವಾಕ್ಯ. ಮುಂದೆ ಹೋದಂತೆ ಇನ್ನೂ ಮಜಾ ಇದೆ. ನಾವು ‘ತಿಂದು ನೋಡು’ ಅನ್ನುತ್ತೇವೆ. ಅಲ್ಲಿ ನೋಡುವುದು ಕಣ್ಣಿನಿಂದಲ್ಲ, ರುಚಿ ಹೇಗಿದೆ ಅಂತ. ಜಪಾನಿಯವರು ‘ತಬೆತೆ ಮಿರು’ ಅನ್ನುತ್ತಾರೆ. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ‘ಬರೆದಿಡು’ ಅನ್ನುವುದಕ್ಕೆ ‘ಕಇತೆ ಒಕು’. ಕಇತೆ ಬರೆದು, ಒಕು ಇಡು. ‘ತಿಂದುಬಿಡು’ ಅನ್ನುವಾಗ ನಾವು ಸೇರಿಸುವ ‘ಬಿಡು’ವಿಗೂ ಅಲ್ಲಿ ‘ಶಿಮಉ’ ಅಂತ ಒಂದಿದೆ. ‘ಬರುತ್ತೇನೆ ಅಂತ ಹೇಳಿದ’ ಅನ್ನುವುದರಲ್ಲಿ ‘ಅಂತ’ ಎಲ್ಲಿ ಕೂರುತ್ತದೋ ಅವರ ‘ತೊ’ ಕೂಡ ಅಲ್ಲೇ ಕೂರುತ್ತದೆ: ‘ಕುರು ತೊ ಇತ್ತ.’ ‘ನಿನ್ನೆ ಬಂದ ಮನುಷ್ಯ’ ಅನ್ನುವುದಕ್ಕೆ ‘ಕಿನೋ ಕಿತ ಹಿತೊ’. ಹಿತೊ ಅಂದರೆ ಮನುಷ್ಯ, ಬಂದದ್ದು ಅವನ ಮುಂದೆಯೇ ಇದೆ. ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕಗಳಲ್ಲಿ ಇವೆಲ್ಲ ಒಂದೊಂದೂ ಪ್ರತ್ಯೇಕ ಪಾಠ, ಪುಟಗಟ್ಟಲೆ ವಿವರಣೆ. ನಾನು ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದರೆ ತರಗತಿ ಪಿಳಿಪಿಳಿ ನೋಡುತ್ತದೆ. ‘ತಿಂದು ನೋಡು ಅಂತೀವಲ್ಲ, ಅದೇ’ ಅಂದರೆ ಮುಗಿಯಿತು.

ಕಿವಿಯೂ ನಮ್ಮ ಕಡೆಗಿದೆ. ಜಪಾನಿಯಲ್ಲಿ ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮನ ವಯಸ್ಸಿನವರು. ‘ಒಬಾಸನ್’ ಅಂದರೆ ಅಜ್ಜಿ. ಹ್ರಸ್ವ ದೀರ್ಘದ ವ್ಯತ್ಯಾಸ ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ನೋಟ್ಸ್ ಬರೆದುಕೊಂಡರೆ ಅತ್ತೆಯೂ ಅಜ್ಜಿಯೂ ಒಂದೇ ಆಗಿಬಿಡುತ್ತಾರೆ. ಅದಕ್ಕೇ ನಾನು ಮೊದಲ ಮೂರು ನಾಲ್ಕು ವಾರ, ಅವರ ಲಿಪಿ ಕೈಗೆ ಬರುವ ತನಕ, ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ ಅನ್ನುತ್ತೇನೆ. ಒತ್ತಕ್ಷರದ ಉಚ್ಚಾರಣೆಯೂ ನಮಗೆ ಹೊಸದಲ್ಲ.

ಹಾಗಂತ ಜಪಾನಿಗೂ ನಮಗೂ ನೆಂಟಸ್ತಿಕೆ ಇದೆ ಅಂತ ನಾನು ಹೇಳುತ್ತಿಲ್ಲ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ಜಪಾನಿಗೂ ತಮಿಳಿಗೂ ಸಂಬಂಧ ಇದೆ ಅಂತ ಬಹಳ ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಕಲಿಯುವವರಿಗೆ ಆ ಜಗಳ ಬೇಡ. ಎರಡು ಮನೆಯವರು ಬೀಗರಲ್ಲದಿದ್ದರೂ ಮನೆಯ ನಕ್ಷೆ ಒಂದೇ ಥರ ಇದ್ದರೆ ಕತ್ತಲೆಯಲ್ಲೂ ಬಚ್ಚಲು ಎಲ್ಲಿದೆ ಅಂತ ಗೊತ್ತಾಗುತ್ತದೆ. ಕೊರಿಯನ್‌ಗೂ ಈ ಮಾತು ಬಹುಪಾಲು ಹೊಂದುತ್ತದೆ. ಅಲ್ಲೂ ಕ್ರಿಯಾಪದ ಕೊನೆಗೆ, ಪ್ರತ್ಯಯ ಪದದ ಹಿಂದೆ.

ಇನ್ನು ಜಪಾನಿಯ ಬಿಲ್ ಕೊಡುವ ಸಮಯ. ಹಿರಾಗಾನ, ಕತಾಕಾನ ಎಂಬ ಎರಡು ಲಿಪಿ, ಒಂದೊಂದರಲ್ಲೂ 46 ಮೂಲ ಅಕ್ಷರ. ಅದನ್ನು ಮೂರು ನಾಲ್ಕು ವಾರದಲ್ಲಿ ಕಲಿಯಬಹುದು. ಆಮೇಲೆ ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ದಿನಬಳಕೆಗೆ ಅಂತ ಜಪಾನ್ ಸರ್ಕಾರ ಗೊತ್ತುಮಾಡಿದ ಪಟ್ಟಿಯಲ್ಲಿ 2136 ಇವೆ. ದಿನಕ್ಕೆ ಮೂರರಂತೆ ಕಲಿತರೆ ಹತ್ತಿರ ಹತ್ತಿರ ಎರಡು ವರ್ಷ, ಅದೂ ಮರೆಯದಿದ್ದರೆ. ಮರೆಯುತ್ತೀರಿ. ಇಲ್ಲಿ ಕನ್ನಡ ಏನೂ ಸಹಾಯ ಮಾಡುವುದಿಲ್ಲ. ಮಾತಾಡಲು ಬೇಗ ಬರುತ್ತದೆ, ಓದಲು ವರ್ಷಗಟ್ಟಲೆ ಬೇಕು. ಇದನ್ನು ತಿಳಿದೇ ಇಳಿಯಿರಿ.

ಜರ್ಮನ್ ವಿಷಯದಲ್ಲಿ ಲೆಕ್ಕ ಬೇರೆ. ಅಲ್ಲಿ ನಿಮ್ಮ ಇಂಗ್ಲಿಷ್ ಕೆಲಸ ಮಾಡುತ್ತದೆ. ವಾಸರ್ ಅಂದರೆ ವಾಟರ್, ಮಿಲ್ಶ್ ಅಂದರೆ ಮಿಲ್ಕ್, ಹಾಂಟ್ ಅಂದರೆ ಹ್ಯಾಂಡ್. ನೂರಾರು ಪದ ಹೀಗೆ ಪುಕ್ಕಟೆಯಾಗಿ ಸಿಗುತ್ತವೆ. ತಲೆನೋವು ಬರುವುದು ಲಿಂಗದಲ್ಲಿ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ ಲಿಂಗ, ಯೋಚನೆ ಮಾಡುವಂತಿಲ್ಲ. ಜರ್ಮನ್ ಊಟದ ಮೇಜಿನ ಮುಂದೆ ಕೂತರೆ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಕಾರಣ ಕೇಳಬೇಡಿ, ಬಾಯಿಪಾಠ ಮಾಡಿ. ಆದರೆ ವಿಭಕ್ತಿ ಅಂದರೆ ನಮಗೆ ಗೊತ್ತು. ಪ್ರಥಮಾ, ದ್ವಿತೀಯಾ ಅಂತ ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೇವೆ, ಅಲ್ಲಿ ಇರುವುದು ನಾಲ್ಕೇ. ‘ಏಕೆಂದರೆ’ ಅಂತ ಶುರುವಾಗುವ ಭಾಗದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಅದಕ್ಕೆ ಅಮೆರಿಕದವರು ಗೋಳಾಡುತ್ತಾರೆ. ನಮಗೆ ಅದು ಸಹಜವಾಗಿಯೇ ಇದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ‘ನನ್ನ ಇಂಗ್ಲಿಷೇ ಸರಿಯಿಲ್ಲ, ಇನ್ನು ವಿದೇಶಿ ಭಾಷೆ ಎಲ್ಲಿ’ ಅಂತ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಕಲಿಯುವಾಗ ಇಂಗ್ಲಿಷ್ ಪದಗಳ ಬಲ ನಿಜಕ್ಕೂ ಬೇಕಾಗುತ್ತದೆ. ಜಪಾನಿ, ಕೊರಿಯನ್‌ಗೆ ಬೇಕಾಗಿರುವುದು ಮನೆಯಲ್ಲಿ ಆಡುವ ಕನ್ನಡದ ವಾಕ್ಯ. ಅದು ನಿಮ್ಮ ಹತ್ತಿರ ಭರ್ತಿ ಇದೆ. ತೊಂದರೆ ಇರುವುದು ಪುಸ್ತಕಗಳಲ್ಲಿ. ಕಲಿಕೆಯ ಪುಸ್ತಕಗಳು ಬಹುಪಾಲು ಇಂಗ್ಲಿಷಿನ ಮೂಲಕವೇ ಜಪಾನಿಯನ್ನು ವಿವರಿಸುತ್ತವೆ, ಸುಲಭವಾಗಿದ್ದನ್ನು ಕಷ್ಟ ಮಾಡಿ ಕೈಗೆ ಕೊಡುತ್ತವೆ. ಕನ್ನಡದಲ್ಲಿ ವಿವರಿಸುವ ಮೇಷ್ಟ್ರು ಸಿಕ್ಕರೆ ಬಿಡಬೇಡಿ.

ಈಗ ಎರಡನೇ ಪ್ರಶ್ನೆ, ಸ್ಕೋಪ್.

ಬಿಡದಿಯಲ್ಲಿ ಟೊಯೋಟಾ 1999ರಿಂದ ಕಾರು ಮಾಡುತ್ತಿದೆ. ನಿಮ್ಮ ಪಕ್ಕದ ವಸಂತನರಸಾಪುರದಲ್ಲಿ ಜಪಾನ್ ಕೈಗಾರಿಕಾ ಟೌನ್‌ಶಿಪ್‌ಗೆ ಅಂತ ಜಾಗ ಗುರುತಿಸಿದ್ದಾರೆ. ಬೆಂಗಳೂರಿನ ಆಡುಗೋಡಿಯ ಬಾಷ್, ಅಂದರೆ ನಿಮ್ಮ ತಾತಂದಿರ ಬಾಯಲ್ಲಿ ಮೈಕೋ, 1951ರಿಂದ ಇರುವ ಜರ್ಮನ್ ಸಂಬಂಧದ ಕಂಪನಿ. ಇಷ್ಟು ಕೇಳಿ ‘ಹಾಗಾದರೆ ಜಪಾನಿ ಕಲಿತರೆ ಬಿಡದಿ, ಜರ್ಮನ್ ಕಲಿತರೆ ಆಡುಗೋಡಿ’ ಅಂತ ಗೆರೆ ಎಳೆಯಬೇಡಿ. ಇಂಥ ಕಾರ್ಖಾನೆಗಳಲ್ಲಿ ಹೆಚ್ಚಿನ ಕೆಲಸ ಕನ್ನಡ, ಇಂಗ್ಲಿಷಿನಲ್ಲೇ ನಡೆಯುತ್ತದೆ. ಭಾಷೆ ಕೇಳುವುದು ಕೆಲವೇ ಕುರ್ಚಿಗಳು: ದುಭಾಷಿ, ಅನುವಾದಕ, ಆ ದೇಶದ ಕಚೇರಿಯ ಜೊತೆ ದಿನಾ ಫೋನಿನಲ್ಲಿ ಮಾತಾಡಬೇಕಾದ ಎಂಜಿನಿಯರ್. ಕಂಪನಿ ಯಾವ ದೇಶದ್ದು ಅನ್ನುವುದಕ್ಕಿಂತ ಆ ಕುರ್ಚಿಯಲ್ಲಿ ಕೂತವರು ಬೆಳಗ್ಗೆಯಿಂದ ಸಂಜೆವರೆಗೆ ಯಾರ ಜೊತೆ ಮಾತಾಡಬೇಕು ಅಂತ ಕೇಳಿ.

ಆ ಕುರ್ಚಿ ಎಷ್ಟು ಕೇಳುತ್ತದೆ ಅನ್ನುವುದು ಅದರ ಮುಂದಿನ ಪ್ರಶ್ನೆ. ಯುರೋಪಿನ ಭಾಷೆಗಳಿಗೆ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು. ಜಪಾನಿಗೆ ಎನ್5ರಿಂದ ಎನ್1ರವರೆಗೆ ಐದು, ಅಲ್ಲಿ ನಂಬರ್ ಇಳಿದಷ್ಟೂ ಮಟ್ಟ ಏರುತ್ತದೆ. ‘ನಾನು ಜರ್ಮನ್ ಕಲಿತಿದ್ದೇನೆ’ ಅನ್ನುವುದಕ್ಕೆ ಕೆಲಸದ ಜಗತ್ತಿನಲ್ಲಿ ಅರ್ಥವಿಲ್ಲ. ಎಷ್ಟು ಅಂತ ಹೇಳಬೇಕು.

ನರ್ಸಿಂಗ್ ಓದುತ್ತಿರುವವರು ಇಲ್ಲಿ ಇದ್ದೀರಿ ಅಂತ ಪ್ರಾಂಶುಪಾಲರು ಹೇಳಿದರು, ಅವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ಇದೆ. 2024ರಲ್ಲಿ ಜರ್ಮನ್ ಸರ್ಕಾರ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಕೇರಳದವರು ಆಗಲೇ ಸಾಲುಗಟ್ಟಿ ಹೋಗುತ್ತಿದ್ದಾರೆ. ನಿಮ್ಮ ಡಿಗ್ರಿಗೆ ಅಲ್ಲಿ ಮಾನ್ಯತೆ ಸಿಕ್ಕು ಪೂರ್ಣ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಬೇಕು. ಇಷ್ಟು ಯಾಕೆ ಕೇಳುತ್ತಾರೆ? ಶಿಫ್ಟ್ ಬದಲಾಗುವ ಹೊತ್ತು ನೆನಪಿಸಿಕೊಳ್ಳಿ. ರಾತ್ರಿಯವರು ಬೆಳಗಿನವರಿಗೆ ವಾರ್ಡ್ ಒಪ್ಪಿಸುತ್ತಾರೆ. ಮೂರನೇ ಬೆಡ್ಡಿನವರಿಗೆ ರಾತ್ರಿ ಎರಡು ಗಂಟೆಗೆ ಜ್ವರ ಏರಿತ್ತು, ಈ ಮಾತ್ರೆ ಕೊಟ್ಟಿದ್ದೇವೆ, ಆ ಇಂಜೆಕ್ಷನ್ ನಿಲ್ಲಿಸಿದ್ದೇವೆ, ಬಿಪಿ ಗಂಟೆಗೊಮ್ಮೆ ನೋಡಿ. ಇದೆಲ್ಲ ಹತ್ತು ನಿಮಿಷದಲ್ಲಿ ಗಡಿಬಿಡಿಯಲ್ಲಿ ನಡೆಯುವ ಮಾತು. ‘ಇನ್ನೊಮ್ಮೆ ನಿಧಾನವಾಗಿ ಹೇಳಿ’ ಅಂತ ಎಂಟು ಬೆಡ್‌ಗೂ ಕೇಳಲು ಆಗುವುದಿಲ್ಲ. ಆಮೇಲೆ ಎಂಬತ್ತು ವರ್ಷದ ರೋಗಿ, ಹಲ್ಲಿಲ್ಲದ ಬಾಯಿ, ತನ್ನ ಊರಿನ ಆಡುಮಾತಿನಲ್ಲಿ ನೋವು ಎಲ್ಲಿ ಅಂತ ಹೇಳುತ್ತಾರೆ. ಅದನ್ನು ಕೇಳಿ ಚಾರ್ಟಿನಲ್ಲಿ ಬರೆಯಬೇಕು. ಬಿ2 ಅನ್ನುವುದು ಇದಕ್ಕೆ ಕನಿಷ್ಠ, ಧಾರಾಳ ಅಲ್ಲ.

ಬಿ2 ತಲುಪಲು ಎಷ್ಟು ಹಿಡಿಯುತ್ತದೆ? ಗೋಯ್ಥೆ ಸಂಸ್ಥೆ, ಅಂದರೆ ನಮ್ಮ ಕಡೆ ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೆಯುವುದು, 45 ನಿಮಿಷದ 600ರಿಂದ 800 ಅವಧಿ ಅನ್ನುತ್ತದೆ. ಶನಿವಾರ ಭಾನುವಾರ ಸೇರಿ ವಾರಕ್ಕೆ ಆರು ಅವಧಿ ಕೂತರೆ 600 ಮುಗಿಯಲು 100 ವಾರ. ಎರಡು ವರ್ಷ ಅಂದುಕೊಳ್ಳಿ. ‘ಆರು ತಿಂಗಳಲ್ಲಿ ಬಿ2 ಗ್ಯಾರಂಟಿ’ ಅಂತ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡ್ ಕಾಣುತ್ತದಲ್ಲ, ಅದು ಪೂರ್ತಿ ಸುಳ್ಳೂ ಅಲ್ಲ. ದಿನಕ್ಕೆ ಐದು ಅವಧಿ, ವಾರಕ್ಕೆ ಐದು ದಿನ, 24 ವಾರ ಕೂತರೆ 600 ಆಗುತ್ತದೆ. ಮನೆಪಾಠ ಬೇರೆ. ಅಂದರೆ ಆ ಆರು ತಿಂಗಳು ಬೇರೆ ಕೆಲಸ ಇಟ್ಟುಕೊಳ್ಳುವಂತಿಲ್ಲ. ಫೀಸು ಕಟ್ಟುವ ಮೊದಲು ‘ಒಟ್ಟು ಎಷ್ಟು ಅವಧಿ ಪಾಠ?’ ಅಂತ ಒಂದೇ ಪ್ರಶ್ನೆ ಕೇಳಿ. ತಿಂಗಳ ಲೆಕ್ಕ ಹೇಳಿದರೆ ಒಪ್ಪಬೇಡಿ, ಅವಧಿಯ ಲೆಕ್ಕ ಕೇಳಿ.

ಜಪಾನ್ 2019ರ ಏಪ್ರಿಲ್‌ನಲ್ಲಿ ಹೊಸ ಬಗೆಯ ಕೆಲಸದ ವೀಸಾ ತಂದಿತು. ವೃದ್ಧರ ಆರೈಕೆ, ಕಟ್ಟಡ ಕೆಲಸ, ಹೋಟೆಲ್, ಕೃಷಿ ಇಂಥ ಕ್ಷೇತ್ರಗಳಿಗೆ. 2021ರಲ್ಲಿ ಭಾರತದ ಜೊತೆಗೂ ಒಪ್ಪಂದ ಆಯಿತು. ಅದಕ್ಕೆ ಭಾಷೆಯ ಮಟ್ಟ ಎನ್4, ಅಥವಾ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ, ಜೊತೆಗೆ ಆ ಕೆಲಸದ ಕೌಶಲ್ಯ ಪರೀಕ್ಷೆ. ಎನ್4 ಅಂದರೆ ಕಾಂಜಿಯ ಬೆಟ್ಟದ ಬುಡ. ಬೆಂಗಳೂರಿನಲ್ಲಿ ದುಭಾಷಿ ಕೆಲಸಕ್ಕೆ ಸಾಮಾನ್ಯವಾಗಿ ಎನ್2 ಕೇಳುತ್ತಾರೆ. ಈ ಎರಡರ ನಡುವೆ ವರ್ಷಗಳ ಅಂತರ ಇದೆ. ಇನ್ನೊಂದು ವಿಷಯ. ಈ ಎನ್ ಮಟ್ಟಗಳನ್ನು ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ ನಡೆಯುತ್ತದೆ. ಅದರಲ್ಲಿ ಮಾತಾಡುವ ಭಾಗವೇ ಇಲ್ಲ, ಬರೆಯುವುದೂ ಇಲ್ಲ, ಸರಿ ಉತ್ತರಕ್ಕೆ ಗುರುತು ಹಾಕುವುದಷ್ಟೇ. ಸರ್ಟಿಫಿಕೇಟ್ ಇದ್ದೂ ಫೋನ್ ಎತ್ತಲು ಹೆದರುವವರು ಇದ್ದಾರೆ. ಸಂದರ್ಶನದಲ್ಲಿ ಎರಡು ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ.

ಫ್ರೆಂಚ್. ನಮ್ಮಲ್ಲಿ ಪಿಯುಸಿಯಲ್ಲಿ ಫ್ರೆಂಚ್ ತಗೊಳ್ಳುವವರು ಬಹುಪಾಲು ಮಾರ್ಕ್ಸ್‌ಗೆ ತಗೊಳ್ಳುತ್ತಾರೆ. ತಪ್ಪು ಅಂತ ನಾನು ಹೇಳಲಾರೆ, ಸಿಇಟಿಯ ಕಾಲದಲ್ಲಿ ಎರಡು ಗಂಟೆ ಉಳಿದರೂ ಉಳಿತಾಯವೇ. ಆದರೆ ಅದನ್ನು ಭಾಷೆ ಕಲಿತದ್ದು ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಫ್ರೆಂಚ್‌ಗೆ ಈಗ ನಿಜವಾದ ಬೆಲೆ ಸಿಗುತ್ತಿರುವುದು ಕೆನಡಾಕ್ಕೆ ಹೋಗುವವರಿಗೆ. ಅಲ್ಲಿ ಕಾಯಂ ನೆಲೆಸಲು ಅಂಕಗಳ ಪದ್ಧತಿ ಇದೆ. 2023ರಿಂದ ಫ್ರೆಂಚ್ ಬಲ್ಲವರಿಗೆ ಅಂತಲೇ ಪ್ರತ್ಯೇಕ ಸುತ್ತುಗಳನ್ನು ನಡೆಸುತ್ತಿದ್ದಾರೆ. ಆ ಸುತ್ತುಗಳ ಕಟ್‌ಆಫ್ ಸಾಮಾನ್ಯ ಸುತ್ತಿಗಿಂತ ಎಷ್ಟೋ ಕೆಳಗೆ ಇರುತ್ತದೆ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕಡೆ ಮೂವತ್ತು ದಾಟಿದ ಸಾಫ್ಟ್‌ವೇರ್ ಎಂಜಿನಿಯರುಗಳು ಫ್ರೆಂಚ್ ಕಲಿಯಲು ಕೂರುವುದಕ್ಕೆ ಇದೂ ಒಂದು ಕಾರಣ. ವಲಸೆಯ ನಿಯಮಗಳು ಮಾತ್ರ ಸರ್ಕಾರ ಬದಲಾದಂತೆ ಬದಲಾಗುತ್ತವೆ. ಏಜೆಂಟ್ ಹೇಳಿದ್ದನ್ನು ನಂಬದೆ ಆ ದೇಶದ ಸರ್ಕಾರಿ ಪುಟವನ್ನೇ ತೆರೆದು ಓದಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಸ್ಪ್ಯಾನಿಷ್ ಸುಮಾರು 20 ದೇಶಗಳ ಆಡಳಿತ ಭಾಷೆ. ಬರೆದ ಹಾಗೆ ಓದಬಹುದು, ಐದೇ ಸ್ವರ, ಕನ್ನಡದವರ ನಾಲಿಗೆಗೆ ಹಿತ. ಆದರೆ ನಮ್ಮ ಜಿಲ್ಲೆಗಳಿಂದ ಆ ದೇಶಗಳಿಗೆ ಹೋಗಿಬರುವವರು ಕಡಿಮೆ. ನಿಮಗೆ ಅಲ್ಲಿನ ವ್ಯವಹಾರ ಇದ್ದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಸಂತೋಷಕ್ಕೆ ಕಲಿಯಿರಿ. ಚೀನಿಯನ್ನು ನಮ್ಮವರು ರಾಜಕೀಯ ನೋಡಿ ಬಿಡುತ್ತಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿದ್ದ ಚೀನಿಯ ಹೆಸರು ಅಂತಿಮ ಪ್ರತಿಯಲ್ಲಿ ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರೂ ಬಿಟ್ಟ ಭಾಷೆಯನ್ನು ಹಿಡಿದವರಿಗೆ ಪೈಪೋಟಿ ಕಡಿಮೆ. ದೇವನಹಳ್ಳಿ ಕಡೆ ದೊಡ್ಡ ಕಾರ್ಖಾನೆ ಹಾಕಿರುವ ಫಾಕ್ಸ್‌ಕಾನ್ ತೈವಾನಿನ ಕಂಪನಿ, ಅಲ್ಲಿಯದೂ ಚೀನಿ ಭಾಷೆಯೇ. ಲಿಪಿ ಮಾತ್ರ ಚೀನಾದ ಸರಳ ಮಾಡಿದ ಲಿಪಿ ಅಲ್ಲ, ಹಳೆಯದು. ಯಾವುದನ್ನು ಕಲಿಯುತ್ತೀರಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಕೊರಿಯನ್ ಕಲಿಯುವ ಹುಡುಗಿಯರು ಧಾರಾವಾಹಿ ನೋಡಿ ಬರುತ್ತಾರೆ ಅಂತ ಮೇಷ್ಟ್ರುಗಳೇ ನಗುತ್ತಾರೆ. ನಾನು ನಗುವುದಿಲ್ಲ. ದಿನಾ ಒಂದು ಗಂಟೆ ಖುಷಿಯಿಂದ ಆ ಭಾಷೆ ಕೇಳುವವರು ಬೇರೆ ಯಾವ ತರಗತಿಯಲ್ಲಿ ಸಿಗುತ್ತಾರೆ ಹೇಳಿ? ಪಾವಗಡದಿಂದ ಆ ಕಡೆ ಸ್ವಲ್ಪ ದೂರ ಹೋದರೆ ಪೆನುಕೊಂಡದಲ್ಲಿ ಕಿಯಾ ಕಾರಿನ ಕಾರ್ಖಾನೆಯೂ ಇದೆ.

ಅರಬ್ಬಿಯ ಬಗ್ಗೆ ಕರಾವಳಿ ಕಡೆಯವರು ಕೇಳುತ್ತಾರೆ. ದುಬೈನಲ್ಲಿ ಹಿಂದಿ, ಮಲಯಾಳ, ಇಂಗ್ಲಿಷಿನಲ್ಲೇ ವರ್ಷಗಟ್ಟಲೆ ಕಳೆದವರಿದ್ದಾರೆ. ಕಲಿಯುವುದಾದರೆ ಪುಸ್ತಕದ ಅರಬ್ಬಿ ಬೇರೆ, ಕೊಲ್ಲಿಯ ಬೀದಿಯ ಅರಬ್ಬಿ ಬೇರೆ ಅನ್ನುವುದು ನೆನಪಿರಲಿ. ಪತ್ರಿಕೆ ಓದಲು ಮೊದಲನೆಯದು, ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡಲು ಎರಡನೆಯದು. ಇನ್ನು ರಷ್ಯಾ, ಕಜಕಸ್ತಾನಕ್ಕೆ ಎಂಬಿಬಿಎಸ್ ಓದಲು ಹೋಗುವವರಿಗೆ ‘ಎಲ್ಲಾ ಇಂಗ್ಲಿಷಿನಲ್ಲೇ’ ಅಂತ ಹೇಳಿ ಕಳಿಸುತ್ತಾರೆ. ಪಾಠ ಇಂಗ್ಲಿಷಿನಲ್ಲೇ ಇರಬಹುದು. ವಾರ್ಡಿನಲ್ಲಿ ಮಲಗಿರುವ ರೋಗಿ ಇಂಗ್ಲಿಷ್ ಓದಿರುವುದಿಲ್ಲವಲ್ಲ. ಹೋಗುವ ಮೊದಲೇ ಆರು ತಿಂಗಳು ರಷ್ಯನ್ ಕಲಿತು ಹೋದವರ ಮೂರನೇ ವರ್ಷ ಹಗುರವಾಗಿರುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಸಂಶಯ ಬಂದೇ ಬರುತ್ತದೆ: ಆರಿಸಿದ್ದು ತಪ್ಪಾದರೆ? ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ ಪ್ರತಿಮೆ ಇದೆ, ನೋಡಿರುತ್ತೀರಿ. ಜರ್ಮನಿಯವರು. 1853ರಲ್ಲಿ ಬಾಸೆಲ್ ಮಿಷನ್ ಕಳಿಸಿದ ಕಡೆ ಬಂದವರು. ಯಾವ ಭಾಷೆಗೆ ಸ್ಕೋಪ್ ಅಂತ ನೋಡಿ ಕನ್ನಡ ಆರಿಸಿಕೊಂಡವರಲ್ಲ, ಹಾಕಿದ ಊರಿನ ಭಾಷೆ ಕನ್ನಡವಾಗಿತ್ತು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನಡುವೆ ನಲವತ್ತು ವರ್ಷ. ನಿಮ್ಮಿಂದ ನಿಘಂಟು ಯಾರೂ ಕೇಳುತ್ತಿಲ್ಲ, ಹೆದರಬೇಡಿ. ಆದರೆ ಎರಡು ವರ್ಷ ಒಂದೇ ಭಾಷೆಯಲ್ಲಿ ನಿಂತವರಿಗೆ ಆಯ್ಕೆ ಅಷ್ಟಾಗಿ ಕೈಕೊಡುವುದಿಲ್ಲ. ಎ2 ತನಕ ಬಂದು ಬಿಟ್ಟರೆ ಮಾತ್ರ ಯಾವ ಭಾಷೆಯಾದರೂ ಪೂರ್ತಿ ನಷ್ಟ. ಅಷ್ಟು ಬಂದದ್ದು ವರ್ಷದೊಳಗೆ ಮರೆತುಹೋಗುತ್ತದೆ. ಬಿ1 ದಾಟಿದ್ದು ಸುಲಭಕ್ಕೆ ಹೋಗುವುದಿಲ್ಲ.

ಕೊನೆಗೆ ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಬಿಸಿಎ ಓದುತ್ತಿರುವ ಒಬ್ಬ ಹುಡುಗ ಕೇಳಿದ: ‘ಸಾರ್, ಮೊಬೈಲೇ ಅನುವಾದ ಮಾಡುತ್ತೆ. ಐದು ವರ್ಷದಲ್ಲಿ ಕಿವಿಗೆ ಹಾಕಿಕೊಂಡರೆ ಸಾಕು ಅಂತಾರೆ. ಈಗ 600 ಅವಧಿ ಹಾಕೋದು ದಂಡ ಅಲ್ವಾ?’

ಒಳ್ಳೆಯ ಪ್ರಶ್ನೆ. ಪ್ರವಾಸಕ್ಕೆ ಹೋಗುವವರಿಗೆ ಮೊಬೈಲ್ ಸಾಕು, ನಾನೂ ಹೋಟೆಲಿನ ಮೆನು ಮೇಲೆ ಕ್ಯಾಮೆರಾ ಹಿಡಿಯುತ್ತೇನೆ. ಸರಳ ಪತ್ರಗಳ ಅನುವಾದದ ಕೆಲಸ ಈಗಾಗಲೇ ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬರೀ ಅನುವಾದವನ್ನೇ ನೆಚ್ಚಿಕೊಂಡು ಭಾಷೆ ಕಲಿಯಬೇಡಿ, ಜೊತೆಗೆ ಇನ್ನೊಂದು ಕಸುಬು ಇರಲಿ: ನರ್ಸಿಂಗ್, ವೆಲ್ಡಿಂಗ್, ಕೋಡಿಂಗ್, ಅಕೌಂಟ್ಸ್. ಆದರೆ ವೀಸಾ ಅರ್ಜಿಯಲ್ಲಿ ‘ಮೊಬೈಲ್ ಇದೆ’ ಅಂತ ಬರೆದರೆ ನಡೆಯುವುದಿಲ್ಲ, ಸರ್ಟಿಫಿಕೇಟೇ ಬೇಕು. ಮತ್ತೆ, ಆರು ಜನ ಸಹೋದ್ಯೋಗಿಗಳು ಊಟಕ್ಕೆ ಕೂತು ಒಬ್ಬರ ಮೇಲೊಬ್ಬರು ಮಾತಾಡಿ ನಗುತ್ತಿರುವಾಗ ಏಳನೆಯವನು ಮೊಬೈಲ್ ಮುಂದೆ ಹಿಡಿದು ಕೂತರೆ ನಾಳೆಯಿಂದ ಅವನನ್ನು ಊಟಕ್ಕೆ ಕರೆಯುವುದಿಲ್ಲ. ಬಡ್ತಿಯ ಮಾತು ಅರ್ಧ ನಡೆಯುವುದು ಆ ಊಟದಲ್ಲೇ.

ಇನ್ನೊಬ್ಬರು ಹಿಂದಿನ ಸಾಲಿನಲ್ಲಿದ್ದ ತಾಯಿ. ‘ಸಾರ್, ನನ್ನ ಮಗಳು ಜರ್ಮನಿಯಲ್ಲಿದ್ದಾಳೆ, ಬಾಣಂತನಕ್ಕೆ ಹೋಗಬೇಕು. ಮೂರು ತಿಂಗಳು. ನನಗೆ ಇಂಗ್ಲಿಷೂ ಅಷ್ಟಕ್ಕಷ್ಟೆ. ಈ ವಯಸ್ಸಲ್ಲಿ ನಾನು ಏನು ಕಲೀಲಿ?’

ಅಮ್ಮ, ನಿಮಗೆ ಎ1 ಬೇಡ, ಪರೀಕ್ಷೆ ಬೇಡ, ವ್ಯಾಕರಣ ಬೇಡವೇ ಬೇಡ. ಅಂಕಿ ಕಲಿಯಿರಿ. ಜರ್ಮನ್ ಅಂಕಿಯಲ್ಲಿ ಒಂದು ತಿರುವು ಇದೆ. ನಾವು ಇಪ್ಪತ್ತೊಂದು ಅನ್ನುತ್ತೇವೆ, ಇಪ್ಪತ್ತು ಮೊದಲು. ಅವರು ಒಂದು-ಮತ್ತು-ಇಪ್ಪತ್ತು ಅನ್ನುತ್ತಾರೆ. ಅಂಗಡಿಯಲ್ಲಿ 43 ಯೂರೋ ಆಯಿತು ಅಂದರೆ ‘ದ್ರೈ ಉಂಟ್ ಫಿರ್ತ್ಸಿಶ್’ ಅನ್ನುತ್ತಾರೆ, ನಿಮ್ಮ ಕಿವಿಗೆ ಮೊದಲು ಬೀಳುವುದು ಮೂರು. ಹೋಗುವ ಮೊದಲು ಮಗಳ ಜೊತೆ ಫೋನಿನಲ್ಲಿ ದಿನಾ ಹತ್ತು ಬೆಲೆ ಹೇಳಿಸಿಕೊಂಡು ಅಭ್ಯಾಸ ಮಾಡಿ. ಆಮೇಲೆ ನಮಸ್ಕಾರ, ಧನ್ಯವಾದ, ಕ್ಷಮಿಸಿ. ಔಷಧಿ ಅಂಗಡಿಗೆ ‘ಅಪೊಟೇಕೆ’ ಅನ್ನುತ್ತಾರೆ, ಬೋರ್ಡಿನಲ್ಲಿ ಕೆಂಪು ಬಣ್ಣದ ದೊಡ್ಡ ಅಕ್ಷರ ಇರುತ್ತದೆ. ತುರ್ತು ನಂಬರ್ ಇಲ್ಲಿಯ ಹಾಗೇ 112. ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿಡಿ. ಭಾನುವಾರ ಅಲ್ಲಿ ಅಂಗಡಿ ತೆರೆಯುವುದಿಲ್ಲ, ಹಾಲು ಮೊಸರು ಶನಿವಾರವೇ ತಂದಿಡಿ. ಮೂರು ತಿಂಗಳಿಗೆ ಇಷ್ಟು ಸಾಕಮ್ಮ.